ಹತ್ತು ನಲವತ್ತರ ಗಳಿಗೆ

ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ರಜಾಕ ಏಳುತ್ತಾನೆ. ಅವನ ಅಂಗಿಯ ತುದಿ ಹಿಡಿದುಕೊಳ್ಳುವ ಕೆಲಸ ಭಾಗೀರಥಿಯದು. ಅವಳ ಗಳಿಗೆ ನಡುರಾತ್ರಿಯದ್ದು, ಅಂಗನವಾಡಿಯಲ್ಲಿ ಅವಳು ಏಳುವುದನ್ನು ಯಾರೂ ನೋಡುವಂತಿಲ್ಲ. ಆ ದುಃಖಕ್ಕೆ ಟೀಚರಾದ ನಾನು ಕೊಟ್ಟ ಅಧಿಕಾರ ಅದು. ರಜಾಕ ಉಪ್ಪಿಟ್ಟಿನ ತಟ್ಟೆ ಸಮೇತ ಒಂದು ಮೊಳ ಮೇಲೆ ಹೋಗಿ, ಅಲ್ಲೇ ಎರಡು ತುತ್ತು ತಿಂದು, ನಿಮಿಷ ಮುಗಿದ ಮೇಲೆ ಇಳಿಯುತ್ತಾನೆ. ಭಾಗೀರಥಿ "ಸಾಕು ಬಾರೋ, ಜಂಬ" ಎನ್ನುತ್ತಾಳೆ.

ನಮ್ಮೂರಿನಲ್ಲಿ ಎಲ್ಲರೂ ಹೀಗೆಯೇ. ಹುಟ್ಟಿದ ನಿಮಿಷಕ್ಕೆ ದಿನಾ ಒಂದು ಸಲ ನೆಲ ಬಿಟ್ಟು ಏಳುತ್ತೇವೆ. ಅದನ್ನು ಗಳಿಗೆ ಎನ್ನುತ್ತೇವೆ. ಹಸುಗೂಸು ಸೂರಿನ ತೊಲೆ ಮುಟ್ಟುವಷ್ಟು ಏಳುತ್ತದೆ, ದೊಡ್ಡವರು ಒಂದು ಗೇಣು. ನನ್ನನ್ನು ಸಾಕಿದ ಸಿದ್ದಜ್ಜಿಗೆ ಎಂಬತ್ತು ದಾಟಿದೆ. ಈಗ ಅವಳ ಅಂಗಾಲಿನಡಿ ಒಂದು ನೂಲೆಳೆ ಎಳೆಯಬಹುದು, ಅಷ್ಟೇ. ಏಳುವವರನ್ನು ಕಟ್ಟಿ ಹಾಕಿ ಪ್ರಯೋಜನವಿಲ್ಲ, ಕಟ್ಟಿದ ಮಂಚವೂ ಏಳುತ್ತದೆ. ಕೂಸನ್ನು ಮಾತ್ರ ಹಿಡಿದು ನಿಲ್ಲಿಸಬಹುದು, ಅದೂ ನೆಲದ ಮೇಲೆ ಕಾಲೂರಿ ನಿಂತವರ ಕೈಯಿಂದ. ಅದಕ್ಕೇ ನನ್ನ ಗಂಡ ಚಿದಾನಂದ, ಟೈಲರು, ಹೊಲಿಯುವ ಎಳೆಮಕ್ಕಳ ಅಂಗಿಗಳಿಗೆಲ್ಲ ಬೆನ್ನಿನಲ್ಲೊಂದು ಬಟ್ಟೆಯ ಕುಣಿಕೆ ಇರುತ್ತದೆ. ಕ್ಷೌರದಂಗಡಿಯ ಬಾಗಿಲಲ್ಲಿ "ನಾಲ್ಕು ಹತ್ತಕ್ಕೆ ಕತ್ತಿ ಹಿಡಿಯುವುದಿಲ್ಲ" ಎಂಬ ಬೋರ್ಡಿದೆ. ಎಂಟೂಕಾಲರ ಬಸ್ಸು ಕೆರೆ ಏರಿಯ ತಿರುವಿನಲ್ಲಿ ದಿನಾ ನಿಲ್ಲುತ್ತದೆ, ಡ್ರೈವರು ಸ್ಟೀರಿಂಗ್ ಬಿಟ್ಟು ಸೀಟಿನ ಮೇಲೆ ತೇಲುತ್ತಾನೆ, ಪ್ರಯಾಣಿಕರು ಆ ಹೊತ್ತಿಗೆ ಎಲೆಅಡಿಕೆ ಹಾಕಿಕೊಳ್ಳುತ್ತಾರೆ.

ನನ್ನ ಗಳಿಗೆ ಬೆಳಿಗ್ಗೆ ಹತ್ತು ನಲವತ್ತು. ನನ್ನನ್ನು ಹೆತ್ತ ನಾಲ್ಕನೇ ದಿನಕ್ಕೆ ಅಮ್ಮ ತೀರಿಕೊಂಡಳು. ರಕ್ತ ನಿಲ್ಲಲಿಲ್ಲವಂತೆ, ಆಸ್ಪತ್ರೆ ದೂರವಿತ್ತಂತೆ. ಚಿಕ್ಕವಳಿದ್ದಾಗ ನಾನು ಎದ್ದಾಗಲೆಲ್ಲ ಅಳುತ್ತಿದ್ದೆ. ಆಗ ಅಜ್ಜಿ ಒಂದು ಮಾತು ಹೇಳಿದಳು, ಆಮೇಲೆ ಅದನ್ನೇ ಕಥೆಯಾಗಿ ಬೆಳೆಸಿದಳು. "ನಿಮ್ಮಮ್ಮನ ಗಳಿಗೆಯೂ ಹತ್ತು ನಲವತ್ತೇ ಕಣೇ ಚಂಪಿ. ನೀನಿಲ್ಲಿ ಎದ್ದಾಗ ಅವಳು ಅಲ್ಲಿ ಏಳ್ತಾಳೆ. ಇಬ್ರೂ ಒಂದೇ ಎತ್ತರದಲ್ಲಿ ಇರ್ತೀರಿ. ಕಣ್ಮುಚ್ಕೋ, ಸೆರಗು ತಾಗುತ್ತೆ." ನಾನು ಕಣ್ಣು ಮುಚ್ಚುತ್ತಿದ್ದೆ, ಸೆರಗು ತಾಗುತ್ತಿತ್ತು. ಸತ್ತವರ ಗಳಿಗೆಯನ್ನು ಬಾಯಲ್ಲಿ ಹೇಳುವ ರೂಢಿ ನಮ್ಮೂರಲ್ಲಿಲ್ಲ, ಹಾಗಾಗಿ ಅಜ್ಜಿಯ ಮಾತನ್ನು ಹೌದೆನ್ನುವವರೂ ಇರಲಿಲ್ಲ, ಅಲ್ಲವೆನ್ನುವವರೂ ಇರಲಿಲ್ಲ. ಇಪ್ಪತ್ತಾರು ವರ್ಷ ನಾನು ಹತ್ತು ನಲವತ್ತಕ್ಕೆ ಅಮ್ಮನ ಮನೆಗೆ ಹೋಗಿಬಂದೆ. ಅಂಗನವಾಡಿಯಲ್ಲಿ "ಟೀಚರ್ ಎದ್ರೂ!" ಎಂದು ಮಕ್ಕಳು ಕೂಗುವಾಗ ನಾನು ಅಲ್ಲಿ ಇರುತ್ತಿರಲಿಲ್ಲ.

ನಾನು ಬಸುರಿಯಾದ ಏಳನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ಹೆಲೆನ್ ಡಾಕ್ಟ್ರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದಿ ಬಣ್ಣದ ಮಸುಕಿನಲ್ಲಿ ಒಂದು ಹಿಮ್ಮಡಿ ಕಂಡಿತು, ಮತ್ತೆ ಮರೆಯಾಯಿತು.

"ಕೂಸು ಚೆನ್ನಾಗಿದೆ. ಆದ್ರೆ ಮಾಸು ಕೆಳಗೆ ಕೂತಿದೆ, ಕೂಸು ಬರೋ ದಾರಿಗೆ ಅಡ್ಡ. ಮೇಲಕ್ಕೆ ಸರಿಯುತ್ತೋ ನೋಡೋಣ. ಸರೀದೇ ಇದ್ರೆ ನೋವು ಬರೋದನ್ನ ಕಾಯೋ ಹಾಗಿಲ್ಲ, ಮೊದಲೇ ಸಿಸೇರಿಯನ್ ಮಾಡ್ಬೇಕು. ಭಾರ ಎತ್ಬೇಡ, ದೂರ ಪ್ರಯಾಣ ಬೇಡ. ರಕ್ತ ಒಂದು ಹನಿ ಕಂಡ್ರೂ ಆ ಕ್ಷಣ ಬರ್ಬೇಕು. ಅತ್ತೇನ ಕೇಳ್ತೀನಿ, ಗಂಡನ್ನ ಕೇಳ್ತೀನಿ ಅಂತ ಕೂರೋ ಹಾಗಿಲ್ಲ. ತಿಳೀತಾ?"

ಮಾಸು ಸರಿಯಲಿಲ್ಲ. ನಾನು ಗುರುವಾರದ ಕೂಟಕ್ಕೆ ಹೋಗತೊಡಗಿದೆ. ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಹೊಂಗೆ ಮರದಡಿ ಜಮಖಾನ ಹಾಸಿ ಡಾಕ್ಟ್ರು ಬಸುರಿಯರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು.

"ಬೇಕಿಲ್ಲದಿದ್ರೆ ಆಪರೇಷನ್ ಕೇಳ್ಬೇಡಿ, ಬೇಕಾದಾಗ ಬೇಡ ಅನ್ಬೇಡಿ. ಯಾಕೆ ಮಾಡ್ತೀರಿ ಅಂತ ನನ್ನನ್ನ ಕೇಳಿ. ಕೇಳಿದ್ರೆ ನಂಗೆ ಬೇಜಾರಿಲ್ಲ, ಕೇಳದೆ ಸಹಿ ಹಾಕಿದ್ರೆ ಬೇಜಾರು. ರಕ್ತ ಕೊಡೋಕೆ ಇಬ್ಬರನ್ನ ಈಗ್ಲೇ ಗೊತ್ತು ಮಾಡಿಟ್ಕೊಳ್ಳಿ. ಯಾವ ಮಾತ್ರೆ ಆಗಿಬರಲ್ಲ, ಯಾವ ಕಾಯಿಲೆ ಇತ್ತು, ಏನೂ ಮುಚ್ಚಿಡ್ಬೇಡಿ."

"ಡಾಕ್ಟ್ರೇ, ಮೊದಲನೇದಕ್ಕೆ ಕುಯ್ದ್ರೆ ಎರಡನೇದಕ್ಕೂ ಕುಯ್ಯಲೇಬೇಕಾ?" ಎಂದಳು ಹೂವಿನ ಅಂಗಡಿಯ ಪುಷ್ಪವತಿ.

"ಎಲ್ಲರಿಗೂ ಅಂತಿಲ್ಲ, ನೋಡಿ ಹೇಳ್ತೀನಿ. ಆದ್ರೆ ಒಳಗಿನ ಗಾಯಕ್ಕೆ ಬಿಡುವು ಕೊಡ್ಬೇಕು. ಒಂದೆರಡು ವರ್ಷ ಮತ್ತೆ ಬಸುರಿ ಅಂತ ಬರ್ಬೇಡಿ."

"ಅದನ್ನ ನಮಗ್ಯಾಕೆ ಹೇಳ್ತೀರಿ, ನಮ್ಮ ಯಜಮಾನ್ರಿಗೆ ಹೇಳಿ" ಎಂದು ಪುಷ್ಪವತಿ ಸೆರಗು ಬಾಯಿಗಿಟ್ಟುಕೊಂಡಳು. ಜಮಖಾನವೆಲ್ಲ ನಕ್ಕಿತು.

ಆಪರೇಷನ್ ಹೆರಿಗೆ ನಮ್ಮೂರಿಗೆ ಬಂದ ಹೊಸದರಲ್ಲಿ, ಹಾಗೆ ತೆಗೆದ ಕೂಸು ಏಳುವುದೇ ಇಲ್ಲವೇನೋ ಎಂದು ಹೆದರಿದ್ದರಂತೆ. ಮೊದಲನೆಯ ಕೂಸು ಮರುದಿನ ಅದೇ ನಿಮಿಷಕ್ಕೆ ತೊಲೆಗೆ ತಲೆ ತಾಗಿಸಿದಾಗ ಊರಿಗೆ ಊರೇ ನೋಡಲು ಬಂದಿತ್ತಂತೆ. ಆಮೇಲೆ ಇನ್ನೊಂದು ಆಸೆ ಶುರುವಾಯಿತು. ಗಳಿಗೆಯನ್ನು ನಾವೇ ಆರಿಸಬಹುದಲ್ಲ! ಒಬ್ಬಳಿಗೆ ಎಂಟು ಗಂಟೆ ಬೇಡ, ಶಾಲೆಯ ಬಸ್ಸು ತಪ್ಪುತ್ತದೆ. ಇನ್ನೊಬ್ಬಳ ಮಾವನಿಗೆ ಗುರುಬಲವೇ ಬೇಕು. ನಮ್ಮ ಅತ್ತೆಯೂ ಪಂಚಾಂಗ ಹಿಡಿದುಕೊಂಡು ಬಂದಿದ್ದರು.

"ಬ್ರಾಹ್ಮೀ ಮುಹೂರ್ತದಲ್ಲಿ ತೆಗೀರಿ ಡಾಕ್ಟ್ರಮ್ಮಾ. ಬೆಳಗಿನ ಜಾವ ನಾಲ್ಕೂವರೆ."

"ಆ ಹೊತ್ತಿಗೆ ಮತ್ತಿನ ಮದ್ದು ಕೊಡೋ ಡಾಕ್ಟ್ರು ಗೊರಕೆ ಹೊಡೀತಿರ್ತಾರೆ. ಸೊಸೇನ ಅವರ ಮನೆ ಮಂಚಕ್ಕೇ ಕರ್ಕೊಂಡು ಹೋಗ್ತೀರಾ?" ಎಂದರು ಡಾಕ್ಟ್ರು. ಆಮೇಲೆ ಮೆತ್ತಗಾಗಿ, "ನೋಡೀಮ್ಮಾ, ಗಳಿಗೆ ಹುಡುಕ್ತಾ ಹುಡುಕ್ತಾ ಎಷ್ಟೋ ಜನ ವಾರ ತುಂಬೋಕೆ ಮುಂಚೆ ತೆಗೆಸ್ತಾರೆ. ಕೂಸಿನ ಶ್ವಾಸಕೋಶ ಬಲಿತಿರಲ್ಲ. ಏಳೋದು ಹಾಗಿರ್ಲಿ, ಮೊದಲು ಉಸಿರಾಡ್ಲಿ" ಎಂದರು. ಅತ್ತೆ ಪಂಚಾಂಗ ಮಡಚಿದರು.

ನನಗೆ ಮಾತ್ರ ನನ್ನದೇ ಪಂಚಾಂಗವಿತ್ತು. ನನ್ನ ಕೂಸು ಹತ್ತು ನಲವತ್ತಕ್ಕೆ ಹುಟ್ಟಬೇಕು. ಅಮ್ಮ, ನಾನು, ನನ್ನ ಮಗು, ಮೂವರೂ ಒಂದೇ ಗಳಿಗೆಯಲ್ಲಿ ಏಳಬೇಕು, ದಿನಾ ಒಂದು ನಿಮಿಷ ಮೂರು ತಲೆಮಾರು ಒಂದೇ ಎತ್ತರದಲ್ಲಿ. ಕಣ್ಣು ಮುಚ್ಚಿದರೆ ಅದು ಕಾಣುತ್ತಿತ್ತು. ಒಂದೇ ಅಡ್ಡಿ. ರೋಗಿಯ ಗಳಿಗೆಯಲ್ಲಿ ಆಪರೇಷನ್ ಮಾಡಕೂಡದೆಂಬುದು ಆಸ್ಪತ್ರೆಯ ಕಟ್ಟಳೆ. ಹೊಟ್ಟೆ ತೆರೆದಿರುವಾಗ ಮೈ ಒಂದು ಗೇಣು ಏಳುವುದೆಂದರೇನು, ಯೋಚಿಸಿ. ದಾಖಲಾತಿಯ ಹಾಳೆಯಲ್ಲಿ ಹೆಸರು, ವಯಸ್ಸು, ರಕ್ತದ ಗುಂಪಿನ ಕೆಳಗೆ "ಗಳಿಗೆ" ಎಂಬ ಸಾಲಿತ್ತು. ಆಸ್ಪತ್ರೆಗೆ ನಾನು ಹೋಗುತ್ತಿದ್ದುದೆಲ್ಲ ಮಧ್ಯಾಹ್ನ ಎರಡಕ್ಕೆ, ಅಲ್ಲಿ ಯಾರೂ ನಾನು ಏಳುವುದನ್ನು ಕಂಡಿರಲಿಲ್ಲ. ನಾನು ಸಂಜೆ ನಾಲ್ಕು ಇಪ್ಪತ್ತು ಎಂದು ಬರೆದೆ. ನಾನು ಬೆರಳು ತೋರಿಸಿದಲ್ಲಿ ಚಿದಾನಂದ ಓದದೆ ಸಹಿ ಹಾಕಿದರು.

"ಹತ್ತೂವರೆಗೆ ಶುರು ಮಾಡ್ಬಹುದಾ ಮೇಡಂ?" ಎಂದು ಕೇಳಿದೆ.

"ಮಾಡ್ಬಹುದು. ಏನು ವಿಶೇಷ?"

"ಆ ಹೊತ್ತಿಗೆ ಶಾಲೇಲಿ ಪ್ರಾರ್ಥನೆ ಮುಗಿದಿರುತ್ತೆ."

ಅವರು ನಕ್ಕು ಮೂವತ್ತೇಳು ವಾರ ತುಂಬಿದ ಮೇಲಿನ ಒಂದು ಬುಧವಾರವನ್ನು ಬರೆದುಕೊಂಡರು. ಮನೆಯಲ್ಲಿ ಮಾತ್ರ ಹನ್ನೊಂದೂವರೆಗೆ ಎಂದು ಹೇಳಿದೆ. ಒಂದು ದಿನಕ್ಕೂ ನನಗೆ ಪಾಪವೆನ್ನಿಸಲಿಲ್ಲ. ಡಾಕ್ಟ್ರಿಗೆ ಅಮ್ಮನ ಸಂಗತಿ ಗೊತ್ತಿಲ್ಲ, ಗೊತ್ತಿದ್ದರೆ ಒಪ್ಪುತ್ತಿದ್ದರು ಎಂದೇ ಅಂದುಕೊಂಡಿದ್ದೆ.

ಆ ಬುಧವಾರಕ್ಕೆ ಇನ್ನೂ ಐದು ದಿನ ಇರುವಾಗ, ಬೆಳಿಗ್ಗೆ ಒಂಬತ್ತೂವರೆಗೆ, ಅಜ್ಜಿಯ ಜೊತೆ ಅವರೆಕಾಳು ಹಿತುಕುತ್ತಾ ಕೂತಿದ್ದವಳು ನೀರು ಕುಡಿಯಲೆಂದು ಎದ್ದೆ. ನೋವಿರಲಿಲ್ಲ, ಏನೂ ಇರಲಿಲ್ಲ. ಕಾಲಿನಗುಂಟ ಬೆಚ್ಚಗೆ ಇಳಿಯಿತು. ನೋಡಿದರೆ ನೆಲದ ಮೇಲೆ ರಕ್ತ, ಕುಂಕುಮದ ಬಟ್ಟಲು ಬಿದ್ದಂತೆ. ಅಜ್ಜಿ ಕಿರುಚಲಿಲ್ಲ. "ಚಿದಾನಂದಾ, ಆಟೋ!" ಎಂದವಳ ದನಿ ನಾನು ಯಾವತ್ತೂ ಕೇಳದ ದನಿಯಾಗಿತ್ತು. ಅವಳು ಈ ಬಣ್ಣವನ್ನು ಹಿಂದೊಮ್ಮೆ ಕಂಡಿದ್ದಳು.

ಆಸ್ಪತ್ರೆ ತಲುಪಿದಾಗ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಅಲ್ಲಿಂದ ಎಲ್ಲವೂ ಒಟ್ಟೊಟ್ಟಿಗೆ ಆಯಿತು. ಒಬ್ಬರು ಕೈಗೆ ಸೂಜಿ ಚುಚ್ಚಿದರು, ಒಬ್ಬರು ಬಳೆ, ಕಾಲುಂಗುರ ಬಿಚ್ಚಿದರು, ಬೆಳಿಗ್ಗೆ ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ ಎಂದು ಕೇಳಿದರು. ಚಿದಾನಂದ ರಕ್ತ ಕೊಡುವ ಇಬ್ಬರು ಗೆಳೆಯರಿಗೆ ಫೋನು ಹಚ್ಚುತ್ತಾ ಓಡಿದರು. ಡಾಕ್ಟ್ರು ಕೂಸಿನ ಎದೆಬಡಿತ ಕೇಳಿ "ಚೆನ್ನಾಗಿದೆ. ಆದ್ರೆ ಇವಳ ರಕ್ತ ನಿಲ್ತಿಲ್ಲ, ಕಾಯೋ ಹಾಗಿಲ್ಲ. ಥಿಯೇಟರ್ ರೆಡಿ ಮಾಡಿ" ಎಂದು ಕೈ ತೊಳೆಯಲು ಹೋದರು. ಸ್ಟ್ರೆಚರಿನ ಪಕ್ಕ ನಿಂತ ಆಯಾ ಚೌಡಮ್ಮ ಹಾಳೆ ನೋಡಿ ಗಟ್ಟಿಯಾಗಿ ಓದಿದಳು: "ಗಳಿಗೆ ಸಂಜೆ ನಾಲ್ಕು ಇಪ್ಪತ್ತು. ಏನೂ ತೊಂದ್ರೆ ಇಲ್ಲ."

ಗೋಡೆಯ ಗಡಿಯಾರ ಹತ್ತು ಹತ್ತು ತೋರಿಸುತ್ತಿತ್ತು. ನಾನು ಎಣಿಸಿದೆ. ನಾನು ಕೇಳಿಕೊಳ್ಳದೆಯೇ ಎಲ್ಲವೂ ಹತ್ತು ನಲವತ್ತರ ಕಡೆಗೆ ಹರಿಯುತ್ತಿತ್ತು. ಅಮ್ಮನೇ ಕರೆಯುತ್ತಿದ್ದಾಳೆ ಎನ್ನಿಸಿ ಮೈ ಜುಮ್ಮೆಂದಿತು.

ಅಜ್ಜಿ ನನ್ನ ಮುಖದ ಮೇಲೆ ಬಾಗಿದಳು. "ನಾಲ್ಕು ಇಪ್ಪತ್ತು ಅಂತ ಯಾರೇ ಬರೆದದ್ದು?"

"ಅಜ್ಜೀ, ಹೇಳ್ಬೇಡ. ಹತ್ತು ನಲವತ್ತಕ್ಕೇ ಹುಟ್ಟಲಿ. ಅಮ್ಮನ ಗಳಿಗೆ, ನನ್ನ ಗಳಿಗೆ, ಕೂಸಿನ ಗಳಿಗೆ. ಮೂರೂ ಒಂದೇ ಆಗ್ಲಿ. ನೀನೇ ಹೇಳಿದ್ದೆಯಲ್ಲ."

ಅಜ್ಜಿ ನಮ್ಮೂರಿನಲ್ಲಿ ಯಾರೂ ಮಾಡದ್ದನ್ನು ಮಾಡಿದಳು, ಸತ್ತವಳ ನಿಜವಾದ ಗಳಿಗೆಯನ್ನು ಬಾಯಿಬಿಟ್ಟು ಹೇಳಿದಳು.

"ನಿಮ್ಮಮ್ಮನ ಗಳಿಗೆ ಮುಸ್ಸಂಜೆ, ದೀಪ ಹಚ್ಚೋ ಹೊತ್ತು, ಆರೂ ಐದು. ಹತ್ತು ನಲವತ್ತಲ್ಲ ಕಣೇ. ನೀನು ಅಳು ನಿಲ್ಲಿಸ್ಲಿ ಅಂತ ನಾನು ಕಟ್ಟಿದ ಕಥೆ ಅದು. ನಿನ್ನ ಗಳಿಗೇಲಿ ಅವಳು ಮೇಲೆ ಇರ್ಲಿಲ್ಲ, ಕೆಳಗಿದ್ದಳು. ಕೂತ್ರೆ ಎದ್ದೇಳೋಕಾಗ್ದವಳು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ನಿಂತಿದ್ದಳು, ಮೂರು ದಿನ, ಹತ್ತು ನಲವತ್ತಕ್ಕೆ, ನಿನ್ನ ಕಾಲು ಹಿಡ್ಕೊಂಡು. ನಾನು ಹಿಡೀತೀನಿ ಕೊಡೇ ಅಂದ್ರೂ ಕೊಡ್ಲಿಲ್ಲ. ನಾಲ್ಕನೇ ದಿನ ಹಿಡಿಯೋಕೆ ನಾನೇ ಉಳಿದೆ." ಅವಳು ಸ್ಟ್ರೆಚರಿನ ಕಂಬಿ ಹಿಡಿದಳು. "ನೀನೂ ಕೂಸೂ ಒಟ್ಟಿಗೆ ಎದ್ದುಬಿಟ್ರೆ ಅದನ್ನ ಹಿಡಿಯೋರ್ಯಾರೇ ಪೆದ್ದೀ?"

ಇಪ್ಪತ್ತಾರು ವರ್ಷದ ಸೆರಗು ನನ್ನ ಕೆನ್ನೆಯಿಂದ ಜಾರಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಳುಚಿಕೊಂಡ ಹುಡುಗಿಯೊಬ್ಬಳು ಗೋಡೆಗೊರಗಿ, ಮೇಲಕ್ಕೆ ಜಗ್ಗುವ ಪುಟ್ಟ ಕಾಲೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತದ್ದು ಕಾಣಿಸಿತು. ಆ ಹುಡುಗಿಗೆ ನನಗಿಂತ ನಾಲ್ಕು ವರ್ಷ ಕಡಿಮೆ.

"ಡಾಕ್ಟ್ರೇ!" ಎಂದು ಕೂಗಿದೆ. ಥಿಯೇಟರಿನ ಬಾಗಿಲಲ್ಲಿ ಅವರು ಒದ್ದೆ ಕೈಗಳನ್ನು ಮೇಲೆತ್ತಿಕೊಂಡು ತಿರುಗಿದರು. "ನಾನು ಸುಳ್ಳು ಬರೆದಿದ್ದೀನಿ. ನನ್ನ ಗಳಿಗೆ ಹತ್ತು ನಲವತ್ತು."

ಎಲ್ಲರೂ ಗಡಿಯಾರ ನೋಡಿದರು. ಹತ್ತು ಹದಿನಾಲ್ಕು.

ಡಾಕ್ಟ್ರು ಬಯ್ಯಲಿಲ್ಲ, ಬಯ್ಯಲು ಹೊತ್ತಿರಲಿಲ್ಲ. ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದರು. "ಗಳಿಗೆ ಕಳೀಲಿ ಅಂತ ಕಾದ್ರೆ ಇವಳು ಉಳಿಯಲ್ಲ. ಈಗ್ಲೇ ಶುರು ಮಾಡಿದ್ರೆ ಕೂಸು ಮೊದಲೇ ಬರುತ್ತೆ, ಹೊಲಿಯೋದು ಮುಗಿದಿರಲ್ಲ. ಹೊಲೀತಿರುವಾಗ ಏಳ್ತಾಳೆ." ಕಣ್ಣು ತೆರೆದರು. "ಚೌಡಮ್ಮಾ, ಅಡುಗೆಮನೇಲಿ ಊಟಕ್ಕೆ ಕೂರೋ ಮಣೆ ಇದಾವಲ್ಲ? ಎಷ್ಟಿದ್ರೆ ಅಷ್ಟು ತಾ. ಒಂದರ ಮೇಲೊಂದು ಇಟ್ರೆ ಒಂದು ಗೇಣು ಎತ್ತರ ಬರ್ಬೇಕು. ಚೆನ್ನಾಗಿ ತೊಳೆದು, ಒದ್ದೆ ಒರೆಸಿ, ಅಲುಗಾಡದ ಹಾಗೆ ಪಟ್ಟಿ ಸುತ್ತಿ ಕಟ್ಟು. ಮೇಜಿಗೆ ಇವಳನ್ನ ಬೆಲ್ಟ್ ಹಾಕಿ ಕಟ್ಟಬೇಡಿ, ಮೇಜೂ ಎದ್ದು ವಾಲುತ್ತೆ. ಎಲ್ಲಾ ಟ್ಯೂಬೂ ಒಂದು ಮೊಳ ಸಡಿಲ ಬಿಡಿ." ನನ್ನ ಹಣೆಯ ಹತ್ತಿರ ಬಾಗಿ, "ಈಗ ಹೇಳಿದ್ದು ಒಳ್ಳೇದಾಯ್ತು. ಹೇಳದೇ ಇದ್ದಿದ್ರೆ ನನ್ನ ಕೈ ಒಳಗಿರುವಾಗ ನೀನು ಎದ್ದಿರ್ತಿದ್ದೆ" ಎಂದರು. ಅಷ್ಟೇ. ಅದಕ್ಕಿಂತ ದೊಡ್ಡ ಬೈಗುಳ ನನಗೆ ಯಾರೂ ಬಯ್ದಿಲ್ಲ.

ಬೆನ್ನಿಗೆ ಸೂಜಿ ಹಾಕಿದ ಮೇಲೆ ಸೊಂಟದಿಂದ ಕೆಳಗೆ ನಾನು ಇಲ್ಲವಾದೆ. ಎದೆಯ ಮೇಲೆ ಹಸಿರು ಬಟ್ಟೆಯ ಗೋಡೆ. ಅದರಾಚೆ ಯಾರೋ ಪೆಟ್ಟಿಗೆಯೊಳಗೆ ಏನನ್ನೋ ಹುಡುಕಿದಂತೆ ಜಗ್ಗಾಟ. ಮತ್ತಿನ ಮದ್ದು ಕೊಡುವ ಡಾಕ್ಟ್ರು ತಲೆಯ ಪಕ್ಕ ಕೂತು "ಮಾತಾಡ್ತಿರಮ್ಮ, ನಿನ್ನ ಅಂಗನವಾಡೀಲಿ ಎಷ್ಟು ಮಕ್ಕಳು?" ಎನ್ನುತ್ತಿದ್ದರು. "ಹದಿನೇಳು" ಎಂದೆ. "ಹದಿನೆಂಟು" ಎಂದರು ಹೆಲೆನ್ ಡಾಕ್ಟ್ರು ಬಟ್ಟೆಯಾಚೆಯಿಂದ. ಆಗ ಅಳು ಕೇಳಿತು. ಇಷ್ಟು ದಿನ ನನ್ನೊಳಗಿದ್ದದ್ದು ನನ್ನ ಹೊರಗೆ ಅಳುತ್ತಿತ್ತು.

"ಹತ್ತು ಮೂವತ್ತೊಂದು. ಹೆಣ್ಣು" ಎಂದಳು ನರ್ಸು. ನನ್ನ ಕೆನ್ನೆಗೆ ಒಂದು ಒದ್ದೆ ಬಿಸಿ ಹಣೆಯನ್ನು ತಾಗಿಸಿದರು. ಹಳೆಯ ತಾಮ್ರದ ಪಾತ್ರೆಯ ವಾಸನೆ, ಜೊತೆಗೆ ಏನೋ ಸಿಹಿ.

ಆಮೇಲಿನ ಒಂಬತ್ತು ನಿಮಿಷ ಉದ್ದವಾಗಿದ್ದವು. ಬಟ್ಟೆಯಾಚೆ ಮಾತು ಕಡಿಮೆಯಾಯಿತು. "ಹೀರಿ. ಇನ್ನೊಂದು ಬಟ್ಟೆ. ಇಲ್ಲಿ ಒತ್ತಿ." ನನಗೆ ಚಳಿಯಾಗಿ ಹಲ್ಲು ಕಟಕಟ ಎನ್ನುತ್ತಿತ್ತು. ಯಾರದೋ ರಕ್ತ ನನ್ನ ತೋಳಿನೊಳಗೆ ತಣ್ಣಗೆ ಇಳಿಯುತ್ತಿತ್ತು. ಚೌಡಮ್ಮ ಕೂಗಿದಳು, "ಮೂವತ್ತೊಂಬತ್ತು!" ಮಣೆಗಳ ಕಟಕಟ ಸದ್ದು.

"ಸೂಜಿ ನಿಲ್ಸಿದ್ದೀನಿ" ಎಂದರು ಹೆಲೆನ್ ಡಾಕ್ಟ್ರು. "ಯಾರೂ ಕೈ ತೆಗೀಬೇಡಿ. ಅವಳ ಜೊತೇಲೇ ಹೋಗೋಣ."

ನಾನು ಎದ್ದೆ.

ಇಷ್ಟು ವರ್ಷ ಕಣ್ಣು ಮುಚ್ಚಿಯೇ ಎದ್ದವಳು ಆವತ್ತು ತೆರೆದುಕೊಂಡೇ ಇದ್ದೆ. ಹಸಿರು ಬಟ್ಟೆ ನನ್ನ ಜೊತೆ ಎದ್ದಿತು. ದೊಡ್ಡ ದೀಪ ಹತ್ತಿರ ಬಂತು. ಅದರ ಗಾಜಿನಲ್ಲಿ ನಾನು ಕಂಡೆ, ತೆರೆದ ಹೊಟ್ಟೆಯ ನಾನು, ಮೇಜಿನಿಂದ ಒಂದು ಗೇಣು ಮೇಲೆ, ಮತ್ತು ನನ್ನ ಸುತ್ತ ಊಟದ ಮಣೆಗಳ ಮೇಲೆ ಉಸಿರು ಬಿಗಿಹಿಡಿದು ಹತ್ತುತ್ತಿರುವ ನಾಲ್ಕು ಜನ. ಎರಡು ಜೊತೆ ಕೈಗಳು ನನ್ನೊಳಗಿದ್ದವು, ನನ್ನೊಂದಿಗೇ ಏಳುತ್ತಿದ್ದವು, ಒಂದು ಕೂದಲೆಳೆ ಹಿಂದೂ ಅಲ್ಲ ಮುಂದೂ ಅಲ್ಲ. ಸಲೈನಿನ ಕಂಬವನ್ನು ಒಬ್ಬರು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ದೇವರ ಮುಂದೆ ಬೆಳ್ಳಿಕೋಲು ಹಿಡಿದವರ ಹಾಗೆ. ಚೌಡಮ್ಮ ಎರಡು ಅಂಗೈಯನ್ನೂ ನನ್ನ ಹಿಮ್ಮಡಿಯ ಕೆಳಗೆ ಚಾಚಿದ್ದಳು, ಮುಟ್ಟದೆ. ನನ್ನ ರಕ್ತ ತೊಟ್ಟಿಕ್ಕುವ ಸದ್ದೂ ಕೇಳಲಿಲ್ಲ. ಮೇಲೆ ಯಾರೂ ಇರಲಿಲ್ಲ. ಅಲ್ಲಿ ಬರೀ ಸುಣ್ಣದ ಸೂರು, ಒಂದು ಹಲ್ಲಿ. ಎಲ್ಲರೂ ಕೆಳಗಿನಿಂದ ಬಂದಿದ್ದರು, ಮಣೆ ಹಾಕಿಕೊಂಡು, ನನ್ನನ್ನು ತಲುಪಲು.

"ಇಳೀತಿದ್ದಾಳೆ. ನಿಧಾನ. ನಿಧಾನ" ಎಂದರು ಡಾಕ್ಟ್ರು. ನಾವೆಲ್ಲ ಒಟ್ಟಿಗೆ ಇಳಿದೆವು. ಅವರು ಒಂದು ದೊಡ್ಡ ಉಸಿರು ಬಿಟ್ಟು "ದಾರ ಕೊಡಿ" ಎಂದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನರ್ಸು ಬಂದು ಎದ್ದು ನಡೆಯಬೇಕೆಂದಳು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ. ಕೆಮ್ಮು ಬಂದರೆ ಹೊಲಿಗೆಗೆ ದಿಂಬು ಒತ್ತಿಕೊಳ್ಳಬೇಕು, ಏಳುವಾಗ ಪಕ್ಕಕ್ಕೆ ಹೊರಳಿ ಏಳಬೇಕು. ಅತ್ತೆ ಒಂದು ತೋಳು ಹಿಡಿದರು, ಚಿದಾನಂದ ಇನ್ನೊಂದು. ಎರಡು ಹೆಜ್ಜೆಗೆ ಕಣ್ಣು ಕತ್ತಲೆ ಬಂತು. ಹೊಟ್ಟೆಯ ಅಡ್ಡಕ್ಕೆ ಯಾರೋ ಕೆಂಡದ ಗೆರೆ ಎಳೆದಂತಿತ್ತು.

"ಹತ್ತು ಇಪ್ಪತ್ತೊಂಬತ್ತು" ಎಂದರು ಚಿದಾನಂದ. "ಮೊದಲನೇ ಗಳಿಗೆ. ಅಜ್ಜಿ ಹಿಡಿದುಕೊಳ್ಳಲಿ. ನೀನು ಕೂತು ನೋಡು."

"ಹೌದು ಕಣಮ್ಮ, ಹೊಲಿಗೆ ಬಿಚ್ಚಿಕೊಂಡೀತು" ಎಂದರು ಅತ್ತೆ.

ನಾನು ಅಜ್ಜಿಯ ಕಡೆ ನೋಡಿದೆ. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ತಾನು ನನ್ನ ಹಿಂದೆ ಬಂದು ನಿಂತಳು, ನನ್ನ ಬೆನ್ನಿಗೆ ಅವಳ ಎದೆ ತಾಗುವ ಹಾಗೆ. ಚಪ್ಪಲಿ ಬಿಟ್ಟೆ. ಆಸ್ಪತ್ರೆಯ ನೆಲ ತಣ್ಣಗಿತ್ತು, ಒರಟಾಗಿತ್ತು, ಫಿನಾಯಿಲಿನ ಒದ್ದೆಯಿತ್ತು. ಹತ್ತೂ ಬೆರಳನ್ನು ಅದಕ್ಕೆ ಊರಿದೆ.

ಕೂಸು ನಿದ್ದೆಯಲ್ಲಿತ್ತು. ಮೊದಲು ಅದರ ಭಾರ ಹೋಯಿತು, ತೋಳಿನಲ್ಲಿ ಬರೀ ಬಿಸಿ ಉಳಿಯಿತು. ಆಮೇಲೆ ಅದು ಮೆಲ್ಲಗೆ ಎದ್ದಿತು, ನನ್ನ ಎದೆ ದಾಟಿ, ಮುಖ ದಾಟಿ. ನಾನು ಕಾಲು ಹಿಡಿದೆ. ಇಷ್ಟು ಚಿಕ್ಕದಕ್ಕೆ ಇಷ್ಟು ಬಲವೇ! ಬಾವಿಯ ಹಗ್ಗ ತಲೆಕೆಳಗಾಗಿ ಜಗ್ಗಿದಂತೆ ಅದು ನನ್ನನ್ನು ಮೇಲಕ್ಕೆ ಜಗ್ಗಿತು, ಹೊಲಿಗೆಯ ಒಂದೊಂದು ಎಳೆಯೂ ಕೂಗಿತು. ಕಿಟಕಿಯ ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ, ಅದು ಕಣ್ಣು ತೆರೆಯಿತು. ಕೆಳಗೆ ನೋಡಿತು.

"ಇಲ್ಲಿದ್ದೀನಿ" ಎಂದೆ.